ಆಂಟಿ ಪೇಷನ್ಸ್‌ಗೆ ಸಿಕ್ಕ ದನಿ

ಜನವರಿ 20, ಸೋಮವಾರ

ಡಾಕ್ಟರು ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಮತ್ತೆ ನೋಡಿದರು. ಥೈರಾಯ್ಡ್ ಆಪರೇಷನ್ ಆದಾಗ ಪೆಟ್ಟು ತಿಂದ ನರ ಇನ್ನೂ ಎಚ್ಚರಗೊಂಡಿಲ್ಲವಂತೆ. ದನಿ ಹೊರಡಿಸುವ ಎರಡು ಎಳೆಗಳಲ್ಲಿ ಒಂದು ಸುಮ್ಮನೆ ಮಲಗಿದೆ. "ತಾನಾಗಿಯೇ ಏಳಬಹುದು, ಏಳದೆಯೂ ಇರಬಹುದು," ಅಂದರು, ನಾಳೆ ಮೋಡವೋ ಬಿಸಿಲೋ ಎಂದು ಹೇಳುವವರ ಹಾಗೆ.

ಮಾರ್ಚ್ ಕೊನೆಯವರೆಗೆ ರಜೆ ಸಿಕ್ಕಿದೆ. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ನನ್ನ ಕೆಲಸವೇ ಮಾತು. ಬೆಳಗಿನಿಂದ ಸಂಜೆಯವರೆಗೆ ಮೀಟಿಂಗು. ಒಬ್ಬರನ್ನು ಓಲೈಸು, ಇನ್ನೊಬ್ಬರನ್ನು ಗದರಿಸು. ಈಗ ಬಾಯಿ ತೆರೆದರೆ ಮರಳಿನ ಮೇಲೆ ಕುರ್ಚಿ ಎಳೆದ ಸದ್ದು.

ಫಾರ್ಮಸಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ನನ್ನನ್ನು ಗಂಡಸೆಂದುಕೊಂಡು, "ಸರ್, ನಿಮ್ಮ ಹೆಂಡತಿ ಹುಟ್ಟಿದ ದಿನಾಂಕ ಹೇಳ್ತೀರಾ?" ಅಂದಳು. ಹೇಳಿದೆ. ಇನ್ನು ಮುಂದೆ ಯಾರಿಗೂ ಫೋನ್ ಮಾಡುವುದಿಲ್ಲ.

ಸ್ಪೀಚ್ ಥೆರಪಿಸ್ಟ್ ಹೇಳಿದ್ದು: ಹರಟೆ ಕಡಿಮೆ ಮಾಡಿ, ದಿನಾ ಸ್ವಲ್ಪ ಹೊತ್ತು ಜೋರಾಗಿ ಓದಿ, ಮನಸ್ಸಿನಲ್ಲಿರುವುದನ್ನು ಬರೆಯಿರಿ. ಅದಕ್ಕೇ ಇದು.

ಜನವರಿ 24, ಶುಕ್ರವಾರ

ಓದಲಿಲ್ಲ. ಮಗಳು ಗಾರ್ಗಿ ಹಾಲ್‌ನ ನಡುವೆಯೇ ಶೂ ಬಿಟ್ಟಿದ್ದಳು. ಕೂಗಲು ಬಾಯಿ ತೆರೆದೆ, ಬರೀ ಗಾಳಿ ಬಂತು. ನಾನೇ ಎತ್ತಿಟ್ಟೆ. ಅವಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಹಾದುಹೋದಳು. ಹದಿನಾರು ವರ್ಷದವಳಿಗೆ ಅಮ್ಮ ಕೂಗದಿರುವುದು ಹಬ್ಬವಿರಬೇಕು.

ಫೆಬ್ರವರಿ 1, ಶನಿವಾರ

ಫ್ರೀಮಾಂಟ್ ಲೈಬ್ರರಿಯಲ್ಲಿ ಶನಿವಾರ ಮಧ್ಯಾಹ್ನ ಜೋರಾಗಿ ಓದುವವರ ಒಂದು ಗುಂಪು ಸೇರುತ್ತದೆ. ಥೆರಪಿಸ್ಟ್ ಬಲವಂತಕ್ಕೆ ಹೋದೆ. ನನ್ನ ಸರದಿ ಬಂದಾಗ ಕೈಗೆ ಸಿಕ್ಕ ತೋಟಗಾರಿಕೆಯ ಪುಸ್ತಕದಿಂದ ಟೊಮೆಟೊ ಗಿಡಕ್ಕೆ ಆಸರೆ ಕಟ್ಟುವ ಪುಟ ಓದಿದೆ. ತಲೆ ಎತ್ತಿದರೆ ಎಲ್ಲರೂ ಮುಂದಕ್ಕೆ ಬಾಗಿ ಕೂತಿದ್ದರು. ಪಾಪ, ಕೇಳಿಸಿರಲಿಕ್ಕಿಲ್ಲ.

ಮುಗಿದ ಮೇಲೆ ನನ್ನ ವಯಸ್ಸಿನ ಒಬ್ಬ ಹೆಂಗಸು ಓಡಿ ಬಂದಳು. ಬೂದು ಬಣ್ಣದ ಸ್ವೆಟ್‌ಶರ್ಟ್, ಕತ್ತಿನಲ್ಲಿ ಒಂದೇ ಎಳೆ ಹವಳದ ಸರ. ಹೆಸರು ಇಸೋಕೆನ್, ನೈಜೀರಿಯಾದ ಬೆನಿನ್ ಸಿಟಿಯವಳು, ಇಲ್ಲಿ ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತಾಳೆ, ಕಾದಂಬರಿ ಬರೆಯುತ್ತಿದ್ದಾಳೆ. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಬರೆದಿಡುತ್ತೇನೆ.

"ಈ ದನಿಯನ್ನು ನಾನು ಎಷ್ಟು ದಿನದಿಂದ ಹುಡುಕ್ತಿದ್ದೆ ಗೊತ್ತಾ?" ಅಂದಳು.

"ಯಾರಿಗೆ?"

"ಹುಡುಗಿಯರನ್ನು ಮಾರುವ ಹೆಂಗಸಿಗೆ."

ಆಮೇಲೆ ತನ್ನ ಮಾತು ತನಗೇ ಕೇಳಿಸಿ, ಬಾಯಿ ಮೇಲೆ ಕೈಯಿಟ್ಟುಕೊಂಡಳು. ನನಗೆ ಸಿಟ್ಟು ಬರಬೇಕಿತ್ತು. ಆದರೆ ಅವಳ ಮುಖ ನೋಡಿ ನಗು ಬಂತು. ನನ್ನ ನಗುವೂ ಈಗ ಹಳೇ ಸ್ಕೂಟರಿನ ಥರ. ಕೇಳಿ ಅವಳಿಗೂ ನಗು ತಡೆಯಲಾಗಲಿಲ್ಲ. ಲೈಬ್ರರಿಯವರು ಇಬ್ಬರನ್ನೂ ಹೊರಗೆ ಕಳಿಸಿದರು.

ಫೆಬ್ರವರಿ 2, ಭಾನುವಾರ

ಇಸೋಕೆನ್ ಮುಂದಿನ ತಿಂಗಳು ಲೈಬ್ರರಿಯಲ್ಲಿ ತನ್ನ ಕಾದಂಬರಿಯ ಒಂದು ಅಧ್ಯಾಯ ಓದುತ್ತಾಳೆ. ಕಥನ ಅವಳದು, ಪಾತ್ರಗಳ ಮಾತಿಗೆ ಬೇರೆ ದನಿಗಳು ಬೇಕು. ನನ್ನನ್ನು ಕೇಳಿದ್ದಾಳೆ.

ನನ್ನ ಗಂಡ ಜಗನ್ನಾಥ ಕಾಫಿ ಲೋಟ ಕೆಳಗಿಟ್ಟು, "ಬೇರೆ ಪಾರ್ಟ್ ಇರ್ಲಿಲ್ವಾ ನಿಂಗೆ? ತಾಯಿ, ಟೀಚರು, ಅಂಥದ್ದೇನಾದ್ರೂ?" ಅಂದ.

"ತಾಯಿಗೆ ಈ ಗಂಟಲು ಸೂಟ್ ಆಗಲ್ಲವಂತೆ."

ಪಕ್ಕದ ಮನೆಯ ನೀಲಾಬಾಯಿಯವರು ಅಲ್ಲೇ ಇದ್ದರು. ಮಗ ಆಕಾಶನ ಜೊತೆ ಇರುತ್ತಾರೆ, ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ನಮಗೆಲ್ಲ ನೀಲಾಕಾಕು. ಟಿವಿ ಧಾರಾವಾಹಿಯಲ್ಲಿ ಕೆಟ್ಟವರು ಯಾರೆಂದು ಮೊದಲ ಕಂತಿನಲ್ಲೇ ಹೇಳಿಬಿಡುವುದು ಅವರ ಹೆಮ್ಮೆ.

"ಏ ಹಂಸಾ, ಒಪ್ಪಿಕೋ ನೀ! ಖಳನಾಯಕಿ ಅಂದ್ರ ನೋಡಿದ ಕೂಡ್ಲೇ ಗೊತ್ತಾಗಬೇಕು. ಹುಬ್ಬು ಹಿಂಗ ಮ್ಯಾಲ ಹೋಗಬೇಕು. ನಾ ಕಲಸ್ತೀನಿ."

ಒಪ್ಪಿಕೊಂಡೆ ಅಂತ ಇನ್ನೂ ಹೇಳಿಲ್ಲ.

ಫೆಬ್ರವರಿ 9, ಭಾನುವಾರ

ಹೇವರ್ಡ್‌ನಲ್ಲಿರುವ ಇಸೋಕೆನ್ ಮನೆಗೆ ಹೋಗಿದ್ದೆ. ಅಧ್ಯಾಯ ಕೈಗೆ ಕೊಟ್ಟಳು. ಅವಳ ಖಳನಾಯಕಿ ಆಂಟಿ ಪೇಷನ್ಸ್ ಇಟಲಿಯಿಂದ ರಜೆಗೆ ಊರಿಗೆ ಬಂದವಳು. ಬೀದಿಯ ಮಕ್ಕಳ ಹೆಸರೆಲ್ಲ ಗೊತ್ತು. ಯಾರ ಅಜ್ಜಿಗೆ ಮಂಡಿ ನೋವು, ಯಾರಿಗೆ ಯಾವ ಮೀನು ಇಷ್ಟ, ಎಲ್ಲ ನೆನಪು. ಐವಿ ಎನ್ನುವ ಹುಡುಗಿಯ ಹಿಂದೆ ಕೂತು ಜಡೆ ಹೆಣೆಯುತ್ತಾ ಮಾತಾಡುತ್ತಾಳೆ. ಅಷ್ಟೇ ಅಧ್ಯಾಯ. ಅದರ ಕೊನೆಗೆ ಐವಿ ಆಂಟಿಯ ಜೊತೆ ಇಟಲಿಗೆ ಹೊರಟು ನಿಂತಿರುತ್ತಾಳೆ.

"ಇಂಥ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ," ಅಂದಳು ಇಸೋಕೆನ್. "ಕೆಲವು ತುಂಬಾ ಚೆನ್ನಾಗಿವೆ. ಆದರೆ ಹೊರಗಿನವರಿಗೆ ಬೇಕಾಗುವ ದಲ್ಲಾಳಿ ಎರಡೇ ಥರ. ಒಬ್ಬ ಚಿನ್ನದ ಹಲ್ಲಿನ ದೈತ್ಯ, ಇನ್ನೊಬ್ಬ ರಕ್ತ ಮುಟ್ಟಿಸಿ ಆಣೆ ಹಾಕಿಸುವ ಮಂತ್ರವಾದಿ. ಓದುವವನಿಗೆ ಆರಾಮ. ತಾನು ಅಂಥವರ ಬಲೆಗೆ ಬೀಳುತ್ತಿರಲಿಲ್ಲ ಅಂತ ಪುಸ್ತಕ ಮುಚ್ಚಿಟ್ಟು ಮಲಗಬಹುದು."

ಅವಳ ಬೀದಿಯಲ್ಲಿ ನಿಜಕ್ಕೂ ಒಬ್ಬ ಆಂಟಿ ಇದ್ದಳಂತೆ. ಕ್ರಿಸ್ಮಸ್ಸಿಗೆ ಎಲ್ಲರಿಗೂ ಶೂ ತರುತ್ತಿದ್ದಳು. ಇಸೋಕೆನ್‌ಗೂ ಒಂದು ಜೊತೆ, ಸರಿಯಾದ ಅಳತೆಯದು. ಇಸೋಕೆನ್ ಕ್ಲಾಸಿನ ಇಬ್ಬರು ಹುಡುಗಿಯರು ಆ ಆಂಟಿಯ ಜೊತೆ ಹೋದರು.

ನ್ಯೂಯಾರ್ಕಿನ ಪ್ರಕಾಶಕರು ಪುಸ್ತಕ ಒಪ್ಪಿದ್ದಾರೆ, ಆದರೆ ಆಂಟಿ ಪೇಷನ್ಸ್ ಬಗ್ಗೆ ತಕರಾರು. ಕೆನ್ನೆಯ ಮೇಲೆ ಒಂದು ಗಾಯದ ಗುರುತಾದರೂ ಇಡಿ ಅಂದರಂತೆ. "ಇವಳು ಕೆಟ್ಟವಳು ಅಂತ ಓದುಗನಿಗೆ ಯಾವಾಗ ಗೊತ್ತಾಗುತ್ತೆ ಅಂದ್ರು. ಹುಡುಗಿಗೆ ಗೊತ್ತಾದ ಮೇಲೆ ಅಂದೆ. ಅಷ್ಟು ಹೊತ್ತಿಗೆ ತಡವಾಗಿರುತ್ತಲ್ಲ ಅಂದ್ರು. ಅದೇ ಪುಸ್ತಕ ಅಂದೆ."

ಜನರ ಮುಂದೆ ಓದಿ ನೋಡುತ್ತಾಳೆ. ಕೇಳಿದವರಿಗೆ ಆಂಟಿ ಬರೀ ಒಳ್ಳೆಯ ಹೆಂಗಸಾಗಿ ಕಂಡು, ಭಯವೇ ಹುಟ್ಟದಿದ್ದರೆ ಪ್ರಕಾಶಕರು ಹೇಳಿದಂತೆ ಬದಲಿಸುತ್ತಾಳೆ.

"ಅಂದ್ರೆ ಎಲ್ಲ ನನ್ನ ಗಂಟಲ ಮೇಲೆ ನಿಂತಿದೆ," ಅಂದೆ.

"ಅರ್ಧ ಗಂಟಲ ಮೇಲೆ," ಅಂದಳು. ದುಷ್ಟೆ.

ಫೆಬ್ರವರಿ 22, ಶನಿವಾರ

ಮೊದಲ ರಿಹರ್ಸಲ್. ನೀಲಾಕಾಕು ಕಲಿಸಿದ ಹಾಗೆ ಹುಬ್ಬೆತ್ತಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಪದ ಎಳೆದು ಓದಿದೆ. ಇಸೋಕೆನ್ ನಕ್ಕು ನಕ್ಕು ಸೋಫಾದಿಂದ ಜಾರಿದಳು. "ಹಂಸಾ, ನೀನು ಮಕ್ಕಳನ್ನು ಮಾರುತ್ತಿಲ್ಲ, ಹುರಿದು ತಿನ್ನುತ್ತಿದ್ದೀಯ!"

ಊಟಕ್ಕೆ ಬೀನ್ಸ್ ಅರೆದು ಹಬೆಯಲ್ಲಿ ಬೇಯಿಸಿದ್ದು ಕೊಟ್ಟಳು, ಮೊಯಿ ಮೊಯಿ ಅಂತೆ. ನುಚ್ಚಿನುಂಡೆಯ ದೂರದ ನೆಂಟ. ಮೂರು ತಿಂದೆ. ಬರುವಾಗ ಫ್ರೀವೇಯಲ್ಲಿ ಟ್ರಾಫಿಕ್ ನಿಂತುಹೋಗಿತ್ತು. ಕಾರಿನೊಳಗೆ ಕೂತು ಆಂಟಿ ಪೇಷನ್ಸ್ ಮಾತುಗಳನ್ನು ಪಕ್ಕದ ಲೇನಿನ ಟ್ರಕ್ಕಿನವನಿಗೆ ಹೇಳಿದೆ. ಅವನು ಕೈ ಬೀಸಿದ.

ಮಾರ್ಚ್ 1, ಶನಿವಾರ

ಐವಿಯ ಮಾತು ಓದಬೇಕಿದ್ದ ಹುಡುಗಿ ಪರೀಕ್ಷೆ ಬಂತೆಂದು ಕೈಕೊಟ್ಟಳು. ಗಾರ್ಗಿ ಫೋನಿನಿಂದ ತಲೆಯೆತ್ತದೆ, "ಐ ಕ್ಯಾನ್ ಡೂ ಇಟ್," ಅಂದಳು. ನಮ್ಮ ಗಾರ್ಗಿ! ಜಗನ್ನಾಥ ಮುಖ ಸಿಂಡರಿಸಿದ, ಆಮೇಲೆ ಹಾಳೆಗಳನ್ನು ತಾನೇ ಪೂರ್ತಿ ಓದಿ, "ಇದನ್ನ ಎಲ್ಲಾ ಅಪ್ಪಂದಿರೂ ಓದಬೇಕು," ಅಂದ.

ಇವತ್ತು ಬೆಳಿಗ್ಗೆ ಗಾರ್ಗಿಯನ್ನು ನೆಲದ ಮೇಲೆ ಕೂರಿಸಿ ನಿಜವಾಗಿಯೇ ಜಡೆ ಹಾಕುತ್ತಾ ಓದಿದೆ. ಎಷ್ಟು ವರ್ಷವಾಗಿತ್ತೋ ಅವಳ ತಲೆ ಮುಟ್ಟಿ. ಹುಬ್ಬು, ಕಣ್ಣು ಯಾವುದರ ಗೊಡವೆಗೂ ಹೋಗಲಿಲ್ಲ, ಕೈ ಕೂದಲಲ್ಲಿತ್ತು. ಬರೀ ಮಾತಾಡಿದೆ. ಆಂಟಿ ಪೇಷನ್ಸ್ ಇಟಲಿಯ ಸುದ್ದಿ ತೆಗೆಯುವುದೇ ಇಲ್ಲ, ಐವಿಯೇ ತೆಗೆಯುತ್ತಾಳೆ. ಆಂಟಿ ಬೇಡ ಅನ್ನುತ್ತಾಳೆ. ಮೊದಲು ಪರೀಕ್ಷೆ ಮುಗಿಸು, ಅಮ್ಮನನ್ನು ಕೇಳು. ಮತ್ತೆ, ನಿನಗೇನು ಇಷ್ಟ, ಹೇಳು, ಕೇಳ್ತೀನಿ.

ಮುಗಿದ ಮೇಲೆ ಗಾರ್ಗಿ ತಿರುಗದೆ ಕೂತಿದ್ದಳು. "ಅಮ್ಮಾ, ಐ ವುಡ್ ಹ್ಯಾವ್ ಗಾನ್ ವಿತ್ ಹರ್." ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಯೂ ನೆವರ್ ಆಸ್ಕ್ ಮೀ ದಟ್. ನಿಂಗೇನಿಷ್ಟ ಅಂತ."

ಮಾರ್ಚ್ 2, ಭಾನುವಾರ

ಬೆಳಿಗ್ಗೆ ಎದ್ದವಳೇ ಇಸೋಕೆನ್‌ಗೆ ಫೋನ್ ಮಾಡಿದೆ. ನನ್ನಿಂದಾಗುವುದಿಲ್ಲ ಅಂದೆ. ನನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು ಅವಳನ್ನು ಮಾರುವ ಮಾತಾಡಿದೆ, ಅದೂ ಚೆನ್ನಾಗಿ ಆಡಿದೆ. ಒಂದು ವರ್ಷದಿಂದ ನನಗೆ ಹೇಳದ ದೂರನ್ನು ಆ ಹೆಂಗಸಿನ ಮಾತು ಕೇಳಿದ ಮೇಲೆ ಹೇಳಿದಳು.

ಇಸೋಕೆನ್ ನಗಲಿಲ್ಲ. "ಆಂಟಿ ಕೇಳಿಸಿಕೊಳ್ಳೋದು ಬೇಲಿ ಎಲ್ಲಿ ಮುರಿದಿದೆ ಅಂತ ತಿಳಿಯೋಕೆ. ನೀನು ಕೇಳಿಸಿಕೊಂಡರೆ ಆ ಬೇಲಿ ಕಟ್ಟಬಹುದು. ದನಿ ಒಂದೇ ಇರಲಿ ಬಿಡು," ಅಂದಳು. ಆಮೇಲೆ ಮೆಲ್ಲಗೆ, "ನನ್ನ ಕ್ಲಾಸಿನ ಹುಡುಗಿಯರಿಗೆ ರಿಹರ್ಸಲ್ ಸಿಗಲಿಲ್ಲ ಹಂಸಾ. ಗಾರ್ಗಿಗೆ ಸಿಕ್ತು."

ಮುಂದಿನ ರಿಹರ್ಸಲ್ ಯಾವತ್ತು ಅಂತ ಕೇಳಿ ಫೋನ್ ಇಟ್ಟೆ.

ಮಧ್ಯಾಹ್ನ ಗಾರ್ಗಿಯೂ ನಾನೂ ಲೇಕ್ ಎಲಿಜಬೆತ್ ಸುತ್ತ ನಡೆದೆವು. ನಿನಗೇನಿಷ್ಟ ಅಂದೆ. ಬಾತುಕೋಳಿಗಳಿಗೆ ಹೆಸರಿಡುವುದು ಅಂದಳು ತಮಾಷೆಗೆ. ಎರಡನೇ ಸುತ್ತಿನಲ್ಲಿ ನಿಜ ಹೇಳತೊಡಗಿದಳು. ಕಂಪ್ಯೂಟರ್ ಸೈನ್ಸ್ ಬೇಡವಂತೆ. ಸಮುದ್ರದ ಪ್ರಾಣಿಗಳ ಬಗ್ಗೆ ಓದಬೇಕಂತೆ. ಸೀ ಆಟರ್, ಅಂದರೆ ಕಡಲ ನೀರುನಾಯಿ, ನಿದ್ದೆ ಮಾಡುವಾಗ ತೇಲಿಹೋಗದಿರಲಿ ಅಂತ ಪಾಚಿಯನ್ನು ಸುತ್ತಿಕೊಳ್ಳುತ್ತದಂತೆ. ಇಷ್ಟು ಮಾತಾಡುವವಳು ನನ್ನ ಮನೆಯಲ್ಲೇ ಇದ್ದಳು. ನಾಲ್ಕು ಬಾತುಕೋಳಿಗಳಿಗೆ ಹೆಸರಿಟ್ಟೆವು. ಒಂದಕ್ಕೆ ಜಗನ್ನಾಥನ ನಡಿಗೆ, ಅವನದೇ ಹೆಸರು.

ಮಾರ್ಚ್ 20, ಗುರುವಾರ

ಚೆಕಪ್ ಇತ್ತು. ನರ ಹಾಗೇ ಇದೆಯಂತೆ, ಏನೂ ಬದಲಾವಣೆ ಇಲ್ಲ. ಡಾಕ್ಟರು ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡ ಹಾಗಿತ್ತು, ಸಮಾಧಾನ ಮಾಡಿ ಬಂದೆ. ರಿಹರ್ಸಲ್‌ಗೆ ತಡವಾಗಿತ್ತು. ದಾರಿಯಲ್ಲಿ, ಶನಿವಾರದ ಓದಿಗೆ ಉಡಬೇಕಾದ ಹಸಿರು ಸೀರೆಗೆ ಫಾಲ್ ಹೊಲಿದಿಟ್ಟಿದ್ದಾರಾ ಅಂತ ಮೂರು ಸಲ ಫೋನ್ ಮಾಡಿ ಟೈಲರ್ ತಲೆ ತಿಂದೆ.

ಮಾರ್ಚ್ 22, ಶನಿವಾರ

ಇವತ್ತು ಲೈಬ್ರರಿಯಲ್ಲಿ ಓದು ಇತ್ತು.

ಜಗನ್ನಾಥ ಹಾಕಿದ ಕುರ್ಚಿಗಳು ಸಾಲದೆ ಜನ ಕಿಟಕಿಯ ಕಟ್ಟೆ ಮೇಲೂ ಕೂತರು. ಇಸೋಕೆನ್ ಕಾಲೇಜಿನವರು, ಅವಳ ಊರಿನವರು ಕೆಲವರು, ನಮ್ಮ ಕನ್ನಡ ಕೂಟದವರು. ನೀಲಾಕಾಕು ಮೊದಲ ಸಾಲಿನಲ್ಲಿ, ಮೊಣಕಾಲಿನ ಮೇಲೆ ಎರಡೂ ಕೈಯಿಟ್ಟು, ಪರೀಕ್ಷಾ ಹಾಲಿನ ಮೇಲ್ವಿಚಾರಕಿಯ ಹಾಗೆ. ಪಕ್ಕದಲ್ಲಿ ಕೂತ ಆಕಾಶ ಇಂಗ್ಲಿಷನ್ನು ಅವರ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ.

ಇಸೋಕೆನ್ ಬೀದಿ ವರ್ಣಿಸಿದಳು: ಕೆಂಪು ಮಣ್ಣು, ಜನರೇಟರ್ ಸದ್ದು, ಬಾಳೆಕಾಯಿ ಕರಿಯುವ ವಾಸನೆ. ಗಾರ್ಗಿ ನನ್ನ ಕಾಲ ಬಳಿ ಸ್ಟೂಲಿನ ಮೇಲೆ ಕೂತಳು. ನಾನು ಬಾಯಿ ತೆರೆದೆ.

ಮೊದಲ ಸಾಲಿನವರು ಬಾಗಿದರು. ಅವರನ್ನು ನೋಡಿ ಹಿಂದಿನವರೂ ಬಾಗಿದರು. ಇಟಲಿಯ ಚಳಿಗೆ ಕೋಳಿಗಳೂ ಸ್ವೆಟರ್ ಕೇಳುತ್ತವೆ ಅನ್ನುವಾಗ ಎಲ್ಲರೂ ನಕ್ಕರು. "ಬೇಡ ಐವಿ, ಮೊದಲು ಪರೀಕ್ಷೆ ಮುಗಿಸು. ನಿಮ್ಮಮ್ಮನ ಕೇಳದೆ ನಾನು ಏನೂ ಮಾಡುವವಳಲ್ಲ," ಅಂದಾಗ ನಮ್ಮ ಕೂಟದ ಸಿದ್ದರಾಜು ಮೆಚ್ಚಿ ತಲೆಯಾಡಿಸಿದರು. "ಅಲ್ಲಿ ಹೇರ್ ಸಲೂನ್ ಕೆಲಸ. ಕಷ್ಟದ್ದು. ನಿನ್ನಂಥ ಮಗುವಿಗಲ್ಲ," ಅಂದೆ. ಐವಿ ಹಟ ಹಿಡಿದಳು. ಆಂಟಿ ಇನ್ನೂ ಒಂದು ಸಲ ಬೇಡ ಅಂದಳು. ಬೇಡ ಅಂದಷ್ಟೂ ಹುಡುಗಿ ಹತ್ತಿರ ಸರಿದಳು. ಎದುರಿಗೆ ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಿಗೆ ಐವಿಯನ್ನು ಕಳಿಸಿಕೊಡಬೇಕು ಅನ್ನಿಸಿಬಿಟ್ಟಿತ್ತು, ನನಗೆ ಕಾಣುತ್ತಿತ್ತು.

ಆಗ ಇಸೋಕೆನ್ ತನ್ನ ಪಾಲಿನ ನಾಲ್ಕು ಸಾಲು ಓದಿದಳು. ಆಂಟಿ ಪೇಷನ್ಸ್ ಜಡೆಯ ತುದಿಗೆ ಗಂಟು ಹಾಕಿದಳು. ಕಳೆದ ವರ್ಷ ಪಕ್ಕದ ಬೀದಿಯ ಹುಡುಗಿಗೂ ಇದೇ ಜಡೆ ಹಾಕಿದ್ದಳು. ಆ ಹುಡುಗಿ ಇಟಲಿಯಲ್ಲಿ ಎಂದೂ ಸಲೂನ್ ನೋಡಲಿಲ್ಲ. ಅವಳ ಅಮ್ಮ ಇಂದಿಗೂ ಆಂಟಿಗಾಗಿ ಪ್ರಾರ್ಥನೆ ಮಾಡುತ್ತಾಳೆ.

ಕಣ್ಣೊರೆಸುತ್ತಿದ್ದಾಕೆಯ ಕೈ ಅಲ್ಲೇ ನಿಂತಿತು. ಗಾರ್ಗಿ ಮುಖವೆತ್ತಿ, ನಗುತ್ತಾ, "ನಾಳೆ ಬೆಳಿಗ್ಗೆ ಬರ್ತೀನಿ ಆಂಟಿ," ಎಂಬ ಕೊನೆಯ ಮಾತು ಓದಿದಳು.

"ಏ ಬ್ಯಾಡವಾ!"

ನೀಲಾಕಾಕು ಎದ್ದು ನಿಂತಿದ್ದರು. ಪರ್ಸು ನೆಲಕ್ಕೆ ಬಿದ್ದಿತ್ತು. "ಹೋಗಬ್ಯಾಡ ಕೂಸ! ಅಕಿ ಮಾತು ಕೇಳಬ್ಯಾಡ, ನಿಮ್ಮವ್ವ ಎಲ್ಲಿದ್ದಾಳ, ಕರೀರಿ ಅಕೀನ್ನ!"

ಅರ್ಧ ಜನಕ್ಕೆ ಕನ್ನಡ ಬರುವುದಿಲ್ಲ, ಆದರೆ ಎಲ್ಲರಿಗೂ ಅರ್ಥವಾಗಿತ್ತು. ಗಾರ್ಗಿ ಕಣ್ಣಲ್ಲಿ ನೀರು ತುಂಬಿಕೊಂಡು, "ಇಲ್ಲ ಅಜ್ಜಿ, ನಾನು ಹೋಗಲ್ಲ. ಕೂತ್ಕೊಳಿ," ಅಂದಳು. ನನಗೆ ಏನಾಯಿತೋ! ಆಂಟಿ ಪೇಷನ್ಸ್ ಇನ್ನೂ ನನ್ನ ಗಂಟಲಲ್ಲೇ ಕೂತಿದ್ದಳು. ಕಾಕು ಕಡೆ ತಿರುಗಿ, ಅದೇ ದನಿಯಲ್ಲಿ, ಕನ್ನಡದಲ್ಲಿ ಕೇಳಿದೆ: "ಎಷ್ಟು ದಣಿದಿದ್ದೀರಿ ಕಾಕು. ಮಂಡಿ ನೋವು ಹೇಗಿದೆ? ಅಲ್ಲಿ ಒಳ್ಳೇ ಡಾಕ್ಟರ್ ಇದ್ದಾರೆ. ನೀವೂ ಬನ್ನಿ ನಮ್ಮ ಜೊತೆ."

ಕಾಕು ಮುಖ ಮೆತ್ತಗಾಯಿತು. "ಖರೇನ?" ಅಂದರು.

ಮರುಕ್ಷಣ, "ಛೀ, ಸುಡ್ಲಿ ನಿನ್ನ!" ಎಂದು ಕುಸಿದು ಕೂತು ನಗತೊಡಗಿದರು. ಆಮೇಲೆ ಹಾಲ್ ಪೂರ್ತಿ ನಗು, ಚಪ್ಪಾಳೆ, ಮೂಗು ಒರೆಸುವ ಸದ್ದು. ಇಸೋಕೆನ್ ಓದುತ್ತಿದ್ದ ಹಾಳೆಗಳಿಂದ ಮುಖ ಮುಚ್ಚಿಕೊಂಡಿದ್ದಳು. ಭುಜ ಕುಲುಕುತ್ತಿತ್ತು, ನಗುವೋ ಅಳುವೋ ತಿಳಿಯಲಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಅವಳೇ ಸಭೆಯನ್ನು ಕೇಳಿದಳು, ಇವಳ ಕೆನ್ನೆಗೊಂದು ಗಾಯದ ಗುರುತು ಇಡಲೇ ಎಂದು. ಸಿದ್ದರಾಜು ಎದ್ದು ನಿಂತು, "ಬೇಡಮ್ಮ. ಗುರುತಿದ್ದಿದ್ದರೆ ನಾನು ತಲೆ ಆಡಿಸ್ತಿರಲಿಲ್ಲ. ನಾನೂ ಮರುಳಾಗ್ತೀನಿ ಅಂತ ಗೊತ್ತಾಗಬೇಕಿತ್ತು ನನಗೆ," ಅಂದರು, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ. ಮೂವರು ಹೆಣ್ಣುಮಕ್ಕಳ ತಂದೆ.

ಆಮೇಲೆ ಜನ ನನ್ನ ಕೈ ಕುಲುಕಲು ಸಾಲಾಗಿ ನಿಂತರು, ಸ್ವಲ್ಪ ದೂರದಿಂದಲೇ.

ಮಾರ್ಚ್ 23, ಭಾನುವಾರ

ಇಸೋಕೆನ್ ಎಲ್ಲರನ್ನೂ ಊಟಕ್ಕೆ ಕರೆದಿದ್ದಳು. ಪ್ರಕಾಶಕರಿಗೆ ಬೆಳಿಗ್ಗೆಯೇ ಬರೆದು ಹಾಕಿದಳಂತೆ, ಆಂಟಿ ಪೇಷನ್ಸ್ ಇದ್ದ ಹಾಗೇ ಇರುತ್ತಾಳೆ, ಬೇಡವಾದರೆ ಬೇರೆಯವರ ಬಾಗಿಲು ತಟ್ಟುತ್ತೇನೆ ಎಂದು. ಏನಾಗುತ್ತದೋ ಗೊತ್ತಿಲ್ಲ. ಅವಳು ಮಾತ್ರ ಹಾಡುತ್ತಾ ಅನ್ನ ಬಡಿಸುತ್ತಿದ್ದಳು. ಕೆಂಪಗೆ, ಖಾರವಾಗಿ, ಹೊಗೆಯ ಘಮ. ನೀಲಾಕಾಕು ಶೇಂಗಾ ಚಟ್ನಿಪುಡಿ ತಂದಿದ್ದರು, ಎಲ್ಲದರ ಮೇಲೂ ಉದುರಿಸಿದರು. ಜಗನ್ನಾಥ ಮೂರನೇ ಸಲ ಬಡಿಸಿಕೊಂಡು, ಗಾರ್ಗಿ ಬಾತುಕೋಳಿಯ ವಿಷಯ ಹೇಳಿದಾಗ ಕೆಮ್ಮಿದ.

ಆಗ ನೀಲಾಕಾಕು ಕೇಳಿದರು, "ಅಲ್ಲವಾ, ಆ ಹುಡುಗಿ ಮುಂದ ಏನಾದ್ಲು?"

ನಾನು ಇಂಗ್ಲಿಷ್ ಮಾಡಿ ಹೇಳಿದೆ. ಇಸೋಕೆನ್ ಮುಖ ಸಣ್ಣದಾಯಿತು. ಕೊನೆಯ ಅಧ್ಯಾಯ ಬರೆದಿಲ್ಲವಂತೆ. ಐವಿ ಇಟಲಿಯ ಟುರಿನ್ ಎಂಬ ಊರಿನ ಒಂದು ಕೋಣೆಯಲ್ಲಿದ್ದಾಳೆ. ಬಾಗಿಲು ತೆರೆದಿದೆ. ತಪ್ಪಿಸಿಕೊಂಡು ಬಂದವರು ಎಷ್ಟೋ ಜನ ನಿಜಕ್ಕೂ ಇದ್ದಾರೆ, ತಾನೇ ಕೆಲವರ ಜೊತೆ ಮಾತಾಡಿದ್ದಾಳೆ. ಆದರೂ ಬರೆಯಲು ಕೂತಾಗಲೆಲ್ಲ ಶಾಲೆಯ ಆ ಇಬ್ಬರು ನೆನಪಾಗಿ ಕೈ ನಿಲ್ಲುತ್ತದೆ. ಅವರ ಸುದ್ದಿ ಇವತ್ತಿಗೂ ಇಲ್ಲ. ಅವರು ಬಾರದಿರುವಾಗ ಐವಿಯನ್ನು ಮಾತ್ರ ಹೇಗೆ ಕರೆತರಲಿ ಅಂದಳು.

ಅದನ್ನೂ ಕನ್ನಡದಲ್ಲಿ ಹೇಳಿದೆ. ನೀಲಾಕಾಕು ತಟ್ಟೆ ಪಕ್ಕಕ್ಕೆ ಸರಿಸಿದರು.

"ಅವರಿಬ್ಬರ ಸಂಕಟ ನಿನ್ನ ಕೈಯಾಗಿಲ್ಲ ನೋಡವಾ. ಈ ಕೂಸು ನಿನ್ನ ಕೈಯಾಗದ. ಬಾಗಿಲಾ ತೆರೆದದ ಅಂತಿ. ಅಕೀನ್ನ ಅಲ್ಲೇ ಕೂಡ್ರಿಸಿ ನೀ ಹ್ಯಾಂಗ ಊಟಾ ಮಾಡ್ತೀ?"

ಹೇಗೆ ಅನುವಾದಿಸಲಿ ಎಂದು ತಡವರಿಸುತ್ತಿದ್ದೆ. ಗಾರ್ಗಿ ಮೆಲ್ಲಗೆ ಇಸೋಕೆನ್ ಕಿವಿಯಲ್ಲಿ ಹೇಳಿದಳು.

ಇಸೋಕೆನ್ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಕೈ ತೊಳೆದಳು. ಒಳಕೋಣೆಗೆ ಹೋದಳು. ಕಾಕು ಅವಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು.

ಸ್ವಲ್ಪ ಹೊತ್ತಿಗೆ ಟೈಪ್ ಮಾಡುವ ಸದ್ದು ಕೇಳಿಸಿತು. ಜಗನ್ನಾಥ ಏನೋ ಹೇಳಲು ಹೋದ, ಮೂವರೂ ಒಟ್ಟಿಗೆ ಶ್ ಅಂದೆವು. ಸದ್ದು ನಿಂತಿತು. ನಾವು ಬಾಗಿಲು ನೋಡಿದೆವು. ಮತ್ತೆ ಶುರುವಾಯಿತು, ಈ ಸಲ ಜೋರಾಗಿ, ಬಿಡದೆ.

ನೀಲಾಕಾಕು ಬೆರಳೆತ್ತಿದರು. ಕಣ್ಣು ಹೊಳೆಯುತ್ತಿತ್ತು.

"ಹೊಂಟಾಳ," ಅಂದರು. "ಹುಡುಗಿ ಹೊಂಟಾಳ."